ಕೂಡಿಸಿದರೋ, ಮಲಗಿಸಿದರೋ

ಕಮಲಾಪುರದ ಹೆದ್ದಾರಿ ಬದಿಗೆ ಕೆಂಪು ಬಾಳೆಹಣ್ಣು ಮಾರುವ ಹೆಂಗಸರಲ್ಲಿ ಚಂದಮ್ಮನನ್ನು ಗುರುತಿಸುವುದು ಸುಲಭ. ಉಳಿದವರು ಕೂತಿರುತ್ತಾರೆ, ಈಕೆ ನಿಂತಿರುತ್ತಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಹಣ್ಣಿನ ಚಿಪ್ಪುಗಳನ್ನು ಅತ್ತಿಂದಿತ್ತ ಸರಿಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ, ಕಲಬುರಗಿಯಿಂದ ಬರುವ ಪ್ರತಿ ಬಸ್ಸಿನ ಬಾಗಿಲಿಗೆ ಕಣ್ಣು ಹಾಕುತ್ತಿರುತ್ತಾಳೆ.

ಮೊದಲು ಹೀಗಿರಲಿಲ್ಲ. ಚಿಂಚೋಳಿ ಕಡೆಯಿಂದ ಸೊಸೆಯಾಗಿ ಬಂದವಳು ನಗುಮುಖದಿಂದಲೇ ಹೆಸರಾದವಳು. ಗಂಡ ಶಿವಶರಣಪ್ಪ ಬಾಳೆ ಬೆಳೆಯುತ್ತಿದ್ದ, ಈಕೆ ಮಾರುತ್ತಿದ್ದಳು. ಆತ ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಗೊನೆ ತಂದಿಳಿಸಿ, "ಇವತ್ತಿಂದು ಸಿಹಿ ಅದ ನೋಡು" ಅಂದು ಹೋಗಿಬಿಟ್ಟರೆ ಅಂದಿನ ಮಾತು ಮುಗಿದಂತೆ.

ಕೊರೋನಾದ ಎರಡನೆಯ ಅಲೆಯಲ್ಲಿ ಇಬ್ಬರಿಗೂ ಜ್ವರ ಬಂತು. ಚಂದಮ್ಮನನ್ನು ಊರ ಹಾಸ್ಟೆಲಿನಲ್ಲಿ ಬೇರೆ ಇಟ್ಟರು. ಉಸಿರು ಸಿಗದ ಶಿವಶರಣಪ್ಪನನ್ನು ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗೆ ಒಯ್ದರು. ಅವಳು ಮನೆಗೆ ಬಂದಳು, ಅವನು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ವಿವೇಕಾನಂದ, ತಾಯಿ ಕೇಳುವ ಮೊದಲೇ ಹೇಳಿದ್ದ: "ಎಲ್ಲಾ ಪದ್ಧತಿ ಪ್ರಕಾರ ಆಗ್ಯದವ್ವಾ. ಅಪ್ಪಗ ಕೂಡಿಸೇ ಮಣ್ಣು ಕೊಟ್ಟಾರ. ನಾ ಕಣ್ಣಾರೆ ನೋಡೀನಿ."

ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಮಗನ ಮಾತನ್ನು ಚಂದಮ್ಮ ನಂಬಿದಳು. ಆದರೆ ಅದನ್ನು ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು ಎಂಬುದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು. ಕೆದಕಿ ಕೇಳಲು ಧೈರ್ಯವಿರಲಿಲ್ಲ, ಕೇಳದೆ ಇರಲು ಆಗುತ್ತಿರಲಿಲ್ಲ.

ಹೀಗೆಯೇ ವರ್ಷಗಳು ಕಳೆದವು. ಈ ಬೇಸಿಗೆಯಲ್ಲಿ ಆ ರೋಗಕ್ಕೆ ತುತ್ತಾದವರ ನೆನಪಿಗೆ ಊರಲ್ಲೊಂದು ಸಭೆ ಮಾಡಬೇಕೆಂಬ ಮಾತು ಹುಟ್ಟಿತು. ಹಿರಿಯರೆಲ್ಲ ಸೇರಿದರು. ಮುಂದೆ ಕೂತವನು ಚಂದಮ್ಮನ ಭಾವ, ಗಂಡನ ಅಣ್ಣ ಸಾಯಬಣ್ಣ. ಎಲ್ಲಿ ಮಾಡುವುದು ಎಂಬಲ್ಲಿಗೆ ಮಾತು ನಿಂತಿತು. ಮಠದಲ್ಲಿ ಎಂದರೆ ಮುಸ್ಲಿಮರು ಬರಲಿಕ್ಕಿಲ್ಲ ಎಂದರು, ಬುದ್ಧವಿಹಾರದಲ್ಲಿ ಎಂದರೆ ಇನ್ನೊಬ್ಬರು ಮುಖ ತಿರುಗಿಸಿದರು. ಸಾಯಬಣ್ಣ ಕೈಯೆತ್ತಿ ಮುಗಿಸಿಬಿಟ್ಟ: "ಅವರವರದು ಅವರವರು ಮಾಡಿಕೊಳ್ಳಲಿ. ಜಗಳ ಯಾಕ?"

ಮರುದಿನ ರಸ್ತೆ ಬದಿಯಲ್ಲಿ ಇದನ್ನು ಚಂದಮ್ಮ ಪುತಳಾಬಾಯಿಗೆ ಹೇಳಿದಳು. ಪಕ್ಕದಲ್ಲೇ ಕೂತು ಹಣ್ಣು ಮಾರುವ ಪುತಳಾಬಾಯಿ ಶಿವಶರಣಪ್ಪ ಹೋದ ವಾರವೇ ತನ್ನ ತಮ್ಮ ತುಕಾರಾಮನನ್ನು ಕಳೆದುಕೊಂಡವಳು. ಅವಳು ಅಂದಳು:

"ಅಕ್ಕಾ, ನಮ್ಮ ತುಕಾರಾಮಗ ಮಣ್ಣು ಕೊಟ್ಟಾವ ಕಲಬುರಗಿ ರೋಜಾ ಓಣಿಯ ಒಬ್ಬ ಹುಡುಗರಿ. ವಕಾರ್ ಅಂತ. ಆಗ ಯಾರೂ ಮುಟ್ಟದ ಹೆಣಗಳಿಗೆ ಸಂಗಡಿಗರ ಕೂಡ ಅವನೇ ಮಣ್ಣು ಕೊಡ್ತಿದ್ದ. ಹುಡುಕಿಕೊಂಡು ಹೋಗಿ ಕೈಮುಗಿದು ಬಂದೀನಿ. ಕಮಲಾಪುರದಾಗಿನ ಬಾಳೆತೋಟದವರು ಒಬ್ಬರು ಇದ್ರು ಅಂತ ಅವನೇ ಹೇಳಿದ. ನಿಮಗ ಹೇಳಬೇಕಂತಿದ್ದೆ, ಹೆಂಗ ಹೇಳಲಿ ಅಂತ ಸುಮ್ಮನಿದ್ದೆ."

ಚಂದಮ್ಮ ಕೈಯಲ್ಲಿದ್ದ ಅರಿವೆಯನ್ನು ಅಲ್ಲೇ ಬಿಟ್ಟು ಮುಂದಿನ ಬಸ್ಸು ಹತ್ತಿದಳು.

ರೋಜಾದಲ್ಲಿ ವಕಾರನದು ಕೂಲರ್ ರಿಪೇರಿಯ ಸಣ್ಣ ಅಂಗಡಿ. ಬಿಸಿಲಿನ ಕಾಲ, ಕೈತುಂಬ ಕೆಲಸ. ಹೆಸರು, ಊರು ಕೇಳಿದ್ದೇ ಅವನು ಸ್ಪ್ಯಾನರ್ ಕೆಳಗಿಟ್ಟು ಸ್ಟೂಲು ಸರಿಸಿದ.

"ಕೂಡ್ರಿ ಅಮ್ಮಾ. ನೀರು ಕುಡೀರಿ."

"ನೀರು ಬ್ಯಾಡ ತಮ್ಮಾ. ಒಂದು ಮಾತು ಕೇಳಾಕ ಬಂದೀನಿ. ನಮ್ಮ ಮನಿಯವರಿಗೆ ಕೂಡಿಸಿ ಮಣ್ಣು ಕೊಟ್ರೇನು?"

ವಕಾರ್ ಕೈ ಒರೆಸಿಕೊಂಡ. ಹೌದು ಅಂದುಬಿಟ್ಟಿದ್ದರೆ ಸುಲಭವಾಗುತ್ತಿತ್ತು, ಅವಳೂ ಅದನ್ನೇ ಬೇಡುತ್ತಿದ್ದಳೇನೋ.

"ಸುಳ್ಳು ಹೇಳಾಂಗಿಲ್ಲ ಅಮ್ಮಾ. ಮಲಗಿಸೀವಿ. ಪ್ಲಾಸ್ಟಿಕ್ ಚೀಲ ಬಿಚ್ಚಬಾರದು ಅಂತ ಹುಕುಂ ಇತ್ತು. ನಿಮ್ಮಲ್ಲಿ ಕೂಡಿಸ್ತಾರ ಅಂತ ನನಗ ಗೊತ್ತಿತ್ತು. ಬ್ರಹ್ಮಪುರ ಓಣ್ಯಾಗ ನಿಮ್ಮ ಮಂದಿ ನನ್ನ ದೋಸ್ತರು ಅದಾರ. ಆದರ ಆಗಲಿಲ್ಲ. ಮಾಫ್ ಮಾಡ್ರಿ."

"ಯಾರೂ ಇರಲಿಲ್ಲೇನು ನಮ್ಮವರು?"

"ಗೇಟಿನ ಹೊರಗ ಒಬ್ಬ ಹುಡುಗ ನಿಂತಿದ್ದ. ಅಳಾಕತ್ತಿದ್ದ. ಒಳಗ ಬಾ ಅಂದೆ, ಬರಲಿಲ್ಲ. ಅಂಜಿದ್ದ ಪಾಪ. ನಾವೂ ಅಂಜಿದ್ವಿ."

ಗೇಟಿನ ಹೊರಗಿನ ಹುಡುಗ ಯಾರೆಂದು ಅವಳು ಕೇಳಲಿಲ್ಲ. ಆ ಜಾಗ ತೋರಿಸು ಅಂದಳು. ವಕಾರ್ ಅಂಗಡಿಯ ಶಟರ್ ಎಳೆದು ಆಟೋ ಕರೆದ.

ಕಲಬುರಗಿಯ ಆಚೆ, ಆ ರೋಗದ ದಿನಗಳಲ್ಲಿ ಹೂಳಲೆಂದು ಸರಕಾರ ತೋರಿಸಿದ ಬಯಲು ಅದು. ಎಲ್ಲೆಲ್ಲೂ ಜಾಲಿ ಬೆಳೆದಿತ್ತು. ಮಣ್ಣಿನ ದಿಬ್ಬಗಳು ಮಳೆಗೆ ಕರಗಿ ನೆಲಕ್ಕೆ ಸಮವಾಗಿದ್ದವು. ವಕಾರ್ ಅತ್ತ ನಡೆದ, ಇತ್ತ ನಡೆದ, ಒಂದು ಕಲ್ಲಿನ ಬಳಿ ನಿಂತ, ಮತ್ತೆ ಹಿಂದೆ ಬಂದ.

"ಇಲ್ಲಿ ಎಲ್ಲೋ ಅದ. ಖರೇ ಇದೇ ಅಂತ ಹೇಳಾಕ ಆಗಂಗಿಲ್ಲ. ಆ ದಿನ ಒಬ್ಬರಲ್ಲ ಅಮ್ಮಾ, ಒಬ್ಬರ ಹಿಂದ ಒಬ್ಬರು. ಈ ಸಾಲಿನಾಗ ನಮ್ಮೋರೂ ಅದಾರ, ತುಕಾರಾಮನೂ ಇದ್ದಾನ."

ಚಂದಮ್ಮ ದಿನವೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದ ವಿಭೂತಿ ಬಿಚ್ಚಿದಳು. ಕೈ ಮುಂದಕ್ಕೆ ಹೋಗಿ ನಿಂತಿತು. ಯಾರ ಮೇಲೆ ಬೀಳುತ್ತದೋ, ಅವರ ಮನೆಯವರು ಏನಂದುಕೊಳ್ಳುತ್ತಾರೋ. ವಕಾರನಿಗೆ ಅದು ತಿಳಿಯಿತು. ಆಟೋದವನ ಬಾಟಲಿ ತಂದು ಅವಳ ಕೈಗೆ ಕೊಟ್ಟ.

"ನೀರು ಹಾಕ್ರಿ. ನೀರು ಎಲ್ಲರಿಗೂ ನಡೀತದ."

ಅವಳು ಆ ಸಾಲಿನುದ್ದಕ್ಕೂ ನಡೆದು ನೀರು ಹನಿಸಿದಳು. ಬಾಟಲಿ ಖಾಲಿಯಾದ ಮೇಲೆ ಬಿಸಿಲಲ್ಲೇ ಕುಸಿದು ಕೂತು ಅತ್ತಳು. ಇಷ್ಟು ವರ್ಷ ಅತ್ತದ್ದೆಲ್ಲ ಅಳುವೇ ಅಲ್ಲ ಅನ್ನುವಂತೆ ಅತ್ತಳು.

ಮನೆಗೆ ಬಂದವಳು ಮಗನನ್ನು ಬೈಯಲಿಲ್ಲ. "ಒಳಗ ಹೋಗಲಿಲ್ಲಂತ ನಿನಗ ಯಾರೂ ಏನೂ ಅನ್ನಾಂಗಿಲ್ಲಪ್ಪಾ. ಆದರ ನನಗ ಖರೇ ಹೇಳಬೇಕಿತ್ತು," ಅಂದಳು. ವಿವೇಕಾನಂದ ಗೋಡೆಗೆ ಆತು ನಿಂತಿದ್ದ. "ದೊಡ್ಡಪ್ಪ ಹಂಗ ಹೇಳು ಅಂದ್ನವ್ವಾ. ಇಲ್ಲಾಂದ್ರ ಮಂದಿ ಆಡಿಕೋತಾರ ಅಂದ. ನನಗೂ ಅದೇ ಬೇಕಾಗಿತ್ತು," ಅಂದ.

ಆಕೆ ನೆಟ್ಟಗೆ ಭಾವನ ಮನೆಗೆ ಹೋದಳು. ಸಾಯಬಣ್ಣ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ.

"ಭಾವಾರ, ಸಭಾ ಒಂದೇ ಕಡೆ ಆಗಲಿ. ಆ ವಕಾರನ್ನ ಕರಸ್ರಿ."

"ನಮ್ಮ ಮನಿ ಮರ್ಯಾದಿ ಬೀದಿಗೆ ಹಾಕ್ತೀಯೇನು?"

"ಬೀದ್ಯಾಗ ಬಿಟ್ಟವರು ನಾವು. ಎತ್ತಿಕೊಂಡವರು ಅವರು."

ಸಾಯಬಣ್ಣ ತಾಟು ಸರಿಸಿ ಎದ್ದುಹೋದ.

ಸುಮ್ಮನಿರುವುದು ಚಂದಮ್ಮನಿಂದ ಆಗಲಿಲ್ಲ. ಪುತಳಾಬಾಯಿಯನ್ನು ಕರೆದುಕೊಂಡು ಸತ್ತವರ ಮನೆಮನೆಗೆ ಹೋದಳು. ಕೆಲವರು ಚಹಾ ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಸಕೀನಾ ಎಂಬಾಕೆ ಮಾತ್ರ ಪೂರ್ತಿ ಕೇಳಿ, "ನನ್ನ ಮಗಳೂ ಅದೇ ಬಯಲಾಗ ಅದಾಳ್ರಿ. ಬರ್ತೀನಿ," ಅಂದಳು.

ಕೊನೆಗೆ ಸಭೆ ಬಸ್ ನಿಲ್ದಾಣದ ಎದುರು ಆಯಿತು. ಎಲ್ಲರೂ ಬರಲಿಲ್ಲ. ಬಂದವರು ಹಣತೆ ಹಚ್ಚಿದರು, ಗಾಳಿಗೆ ಮತ್ತೆ ಮತ್ತೆ ಆರುತ್ತಿದ್ದವು. ಮಾತಾಡು ಅಂದರೆ, ಚಂದಮ್ಮ ಕರೆಸಿದ್ದ ವಕಾರ್ ಒಲ್ಲೆನೆಂದು ತಲೆಯಾಡಿಸಿಬಿಟ್ಟ. ಚಂದಮ್ಮನ ಕೈಗೆ ಮೈಕು ಬಂತು.

"ಆ ದಿನ ನಾವು ಯಾರೂ ಹೋಗಲಿಲ್ಲ," ಅಂದಳು. "ಅಂಜಿಕಿಗೆ ಜಾತಿ ಇರಲಿಲ್ಲ, ಎಲ್ಲರಿಗೂ ಅಂಜಿಕಿನೇ. ಹೋದವ ಇವ, ಇವನ ಸಂಗಡಿಗರು. ನಮ್ಮವರು ಈಗ ಒಂದೇ ಸಾಲಿನಾಗ ಮಲಗ್ಯಾರ, ಯಾರು ಎಲ್ಲಿ ಅಂತ ನಮಗೇ ಗೊತ್ತಿಲ್ಲ. ನಾವು ಇಲ್ಲಿ ಬ್ಯಾರೆ ಬ್ಯಾರೆ ಕೂತು ಅತ್ತರ ಅವರಿಗೆ ಹೆಂಗ ಮುಟ್ಟಬೇಕು? ದೇಶದ ತುಂಬ ಹಿಂಗೇ ಆಗ್ಯದಂತ. ನಮ್ಮೂರಾಗರ ಕೂಡಿ ಇರೋಣು."

ಮೈಕನ್ನು ಸಕೀನಾಳ ಕೈಗೆ ಕೊಟ್ಟು ಕೆಳಗಿಳಿದಳು.

ಆಮೇಲೂ ಊರೆಲ್ಲ ಒಂದಾಯಿತೆಂದೇನಲ್ಲ. ಚಂದಮ್ಮ ಊರ ಮಾನ ಕಳೆದಳು ಎಂದವರಿದ್ದರು. ಸಾಯಬಣ್ಣ ಅವಳೊಂದಿಗೆ ಮಾತು ಬಿಟ್ಟ. ಆದರೆ ಮಳೆ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಅವನೇ ಹೆದ್ದಾರಿ ಬದಿಗೆ ಬಂದ. ಹಣ್ಣು ನೋಡುವವನಂತೆ ಸ್ವಲ್ಪ ಹೊತ್ತು ನಿಂತ. ಅಂಗಿಯ ಜೇಬಿನಲ್ಲಿದ್ದ ವಿಭೂತಿಯ ಪೊಟ್ಟಣವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಆ ಬಯಲು ಎಲ್ಲಿ ಬರ್ತದ?" ಕೇಳಿದ.

"ಹೇಳಿದ್ರ ಸಿಗಂಗಿಲ್ಲರಿ ಭಾವಾರ."

"ಮತ್ತ ನೀನೇ ಬಾ. ಅಂವ ನನಗಿಂತ ಸಣ್ಣವ. ನಾನೇ ಎತ್ತಿ ಆಡಿಸೀನಿ. ಒಂದು ಹಿಡಿ ಮಣ್ಣರ ಹಾಕಬೇಕಿತ್ತು."

ಕಲಬುರಗಿಗೆ ಹೋಗುವ ಬಸ್ಸು ಬಂದು ನಿಂತಿತು. ಚಂದಮ್ಮ ಹಣ್ಣುಗಳನ್ನು ಪುತಳಾಬಾಯಿಯ ಸುಪರ್ದಿಗೆ ಬಿಟ್ಟು ಮುಂದೆ ಹತ್ತಿದಳು. ಸಾಯಬಣ್ಣ ಹಿಂದೆ ಹತ್ತಿ ಎರಡು ಟಿಕೆಟು ತೆಗೆಸಿದ.