ಹೊಸಿಲು ದಾಟಿದ ದಿನ

ನೆನೆಸಿಟ್ಟ ಅವರೆಕಾಳನ್ನು ಹಿತುಕುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಮುಂಬಾಗಿಲಿನಿಂದ ಅತ್ತೆಯವರ ದನಿ ಕೇಳಿತು, "ಬಾರೇ ಇಲ್ಲಿ, ಕೂಸು ಹೊಸಿಲು ದಾಟ್ತು." ಹಿಂದೆಯೇ ಮಗುವಿನ ಅಳು. ಮಗಳು ತನ್ನ ಮಗುವಿನೊಂದಿಗೆ ಜಯನಗರದ ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗಳು ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದಳು.

ಮಗು ಮೊದಲ ಸಲ ಹೊಸಿಲು ದಾಟಿದರೆ ನಮ್ಮಲ್ಲಿ ಹೊಸಿಲಿಗೆ ಅರಿಸಿನ ಕುಂಕುಮ ಇಟ್ಟು ಸಿಹಿ ಮಾಡುತ್ತೇವೆ. ಕುಂಕುಮದ ಬಟ್ಟಲು ಹಿಡಿದು ಓಡಿದೆ. ಅತ್ತೆ ನಗುತ್ತಿದ್ದರು, ಮಗು ಕಿರುಚುತ್ತಿತ್ತು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ನಿಂತೆ. ದಾಟುವಾಗ ಕೈ ಜಾರಿ ಮೂಗು ಆಚೆಯ ಗ್ರಾನೈಟಿಗೆ ಬಡಿದಿತ್ತಂತೆ. ಹೊಳ್ಳೆಯ ತುದಿಯಲ್ಲಿ ಒಂದು ಹನಿ ರಕ್ತ. ಒರೆಸಿದೆವು, ಮತ್ತೆ ಬರಲಿಲ್ಲ. ಮೂಗು ನೇರವಾಗಿಯೇ ಇತ್ತು.

"ಎಣ್ಣೆ ಹಚ್ಚಿ ಮೂಗು ತೀಡೇ. ಸೊಟ್ಟಗಾದ್ರೆ ನಾಳೆ ಗಂಡು ಹುಡುಕೋಳು ನೀನೇ," ಎಂದರು ಅತ್ತೆ.

"ಯಾರೂ ಮುಟ್ಬೇಡಿ ಅಜ್ಜಿ," ಎಂದು ಮಗಳು ಮಗುವನ್ನು ಎದೆಗೆ ಹಾಕಿಕೊಂಡಳು.

ಮಗು ಎರಡು ಗುಟುಕು ಹಾಲು ಕುಡಿದು ಎದೆ ಬಿಟ್ಟಿತು. ಬಾಯಿ ತೆರೆದು ಉಸಿರೆಳೆದು ಮತ್ತೆ ಹಿಡಿಯಿತು, ಮತ್ತೆ ಬಿಟ್ಟು ಅತ್ತಿತು. ಹಸಿವಿಲ್ಲವೇನೋ ಎಂದುಕೊಂಡೆ. ದೃಷ್ಟಿ ಎಂದರು ಅತ್ತೆ. ಉಪ್ಪು ನಿವಾಳಿಸಿದೆ. ಆದರೂ ಅದೇ.

"ಅಮ್ಮ, ಹಸಿವಿದೆ ಇವಳಿಗೆ. ಮೂಗಲ್ಲಿ ಉಸಿರಾಡ್ತಿಲ್ಲ," ಎಂದಳು ಮಗಳು.

ಕೂಡಲೇ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೊರಟೆವು. ಆಟೋದಲ್ಲಿ ದಾರಿಯುದ್ದಕ್ಕೂ ಬನಶಂಕರಿ ಅಮ್ಮನನ್ನು ನೆನೆದೆ. ಏನು ಕೇಳಿಕೊಳ್ಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಮಕ್ಕಳ ಡಾಕ್ಟರು ಟಾರ್ಚ್ ಬಿಟ್ಟು ಎರಡೂ ಹೊಳ್ಳೆ ನೋಡಿದರು. "ಪೆಟ್ಟು ಬಿದ್ರೆ ಮೂಗಿನ ನಡುವಿನ ಗೋಡೇಲಿ ರಕ್ತ ತುಂಬ್ಕೊಂಡು ಊದಿರುತ್ತೆ ಒಂದೊಂದ್ಸಲ. ಹೊರಗಡೆ ಏನೂ ಕಾಣ್ಸಲ್ಲ. ಸದ್ಯಕ್ಕೆ ಹಾಗಿಲ್ಲ, ರಕ್ತ ಹೆಪ್ಪುಗಟ್ಟಿ ಕಟ್ಕೊಂಡಿದೆ ಅಷ್ಟೇ." ಅದನ್ನು ಅವರೇ ತೆಗೆದರು. "ನಾಳೆ ಮತ್ತೆ ತೋರ್ಸಿ. ಅಷ್ಟರಲ್ಲಿ ಉಸಿರಿಗೆ ಕಷ್ಟ ಆದ್ರೆ, ಊತ, ಜ್ವರ, ವಾಂತಿ ಬಂದ್ರೆ ಕಾಯ್ಬೇಡಿ, ಕರ್ಕೊಂಡು ಬಂದ್ಬಿಡಿ."

"ಮೂಗು ತೀಡ್ಬಹುದಾ ಮೇಡಂ?" ಎಂದು ಕೇಳಿದೆ.

"ಕೈನೇ ಹಾಕ್ಬೇಡಿ ಅಮ್ಮ."

ಮನೆಗೆ ಬಂದ ಮೇಲೆ ಮಗು ಬಿಡದೆ ಹಾಲು ಕುಡಿಯಿತು. ಅಷ್ಟು ಕೊಟ್ಟಳಲ್ಲ ಬನಶಂಕರಿ ತಾಯಿ, ಎಂದುಕೊಂಡೆ. ಆದರೂ ಡಾಕ್ಟರ 'ಸದ್ಯಕ್ಕೆ' ಮನಸ್ಸಿನಿಂದ ಹೋಗಲಿಲ್ಲ.

"ಪಾಯಸ ಮಾಡಲ್ವೇನೇ? ದಾಟಿದ್ದಂತೂ ದಾಟಿದ್ದೇ ತಾನೆ," ಎಂದರು ಅತ್ತೆ.

ಅದೂ ನಿಜವೇ. ಶುಭವೋ ಅಶುಭವೋ ನನಗಿನ್ನೂ ಗೊತ್ತಾಗಿರಲಿಲ್ಲ. "ನಾಳೆ ಡಾಕ್ಟರು ನೋಡ್ಲಿ ಅತ್ತೆ," ಎಂದು, ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ.