ಒಂದೇ ಕೊರಳಿನ ಎರಡು ದಾರ

ಅವರ ಕೊರಳಲ್ಲಿ ಎರಡು ದಾರಗಳಿದ್ದವು. ಒಂದು ಬಿಳಿಯ ಶಿವದಾರ, ಅದರ ತುದಿಗೆ ಇಷ್ಟಲಿಂಗವಿದ್ದ, ಸವೆದು ನುಣ್ಣಗಾದ ಬೆಳ್ಳಿಯ ಕರಡಿಗೆ. ಇನ್ನೊಂದು ಕರಿಯ ದಾರ, ಅದರ ತುದಿಗೆ ಹೆಬ್ಬೆರಳಿನಷ್ಟು ಉದ್ದದ ಡಾಂಗಲ್. ಅದನ್ನು ಕಂಪ್ಯೂಟರಿಗೆ ಚುಚ್ಚಿ ಗುಟ್ಟಿನ ನಂಬರ್ ಒತ್ತಿದರೆ ಕಾಗದದ ಮೇಲೆ ಅವರ ಸಹಿ ಬೀಳುತ್ತಿತ್ತು. ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಎರಡೂ ದಾರ ಒಂದಕ್ಕೊಂದು ಹೆಣೆದುಕೊಂಡಿರುತ್ತಿದ್ದವು. ಕುರ್ಚಿಯಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಸಡಿಲಿಸುತ್ತಾ ಬಿಡಿಸುವುದೇ ಅವರ ದಿನದ ಮೊದಲ ಕೆಲಸ. ಎಷ್ಟೇ ಸಿಕ್ಕಾಗಿದ್ದರೂ ಎಳೆಯುತ್ತಿರಲಿಲ್ಲ.

"ಡಾಂಗಲ್ ಜೇಬಲ್ಲಿ ಇಟ್ಕೋಬಾರ್ದಾ ಸಾರ್?" ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ.

"ಒಂದು ಗುರು ಕಟ್ಟಿದ್ದು, ಇನ್ನೊಂದು ಗೌರ್ಮೆಂಟು ಕಟ್ಟಿದ್ದು. ಎರಡನ್ನೂ ಬಿಚ್ಚಿಡಕ್ಕಾಗಲ್ಲ, ಬುಡಮ್ಮ" ಎಂದರು.

ಅವರನ್ನು ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಸಂಬಳ ಕೊಡುವ ಮಾಲೀಕರೂ ಸಾರ್ ಎಂದೇ ಕರೆಯುತ್ತಿದ್ದರು. ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಗುಬ್ಬಿ ಕಡೆಯ ಕೊಬ್ಬರಿ ಪುಡಿ, ಕುಣಿಗಲ್ ಕಡೆಯ ನಾರು, ಒಂದಷ್ಟು ಹುಣಸೆಹಣ್ಣು ಕಂಟೇನರ್ ತುಂಬಿ ಹಡಗು ಹತ್ತಬೇಕಾದರೆ ಕಸ್ಟಮ್ಸಿಗೆ ಸಲ್ಲಿಸಬೇಕಾದ ಕಾಗದಗಳನ್ನು ನಾವು ತಯಾರು ಮಾಡುತ್ತಿದ್ದೆವು. ನಾನು ಚೇಳೂರಿನಿಂದ ಬಸ್ಸಿನಲ್ಲಿ ಬಂದು ಟೈಪ್ ಮಾಡುವವಳು. ಈ ಕೆಲಸಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಕಸ್ಟಮ್ಸ್ ಪರೀಕ್ಷೆ ಪಾಸು ಮಾಡಿದ ಒಬ್ಬರಾದರೂ ಬೇಕು. ನಮ್ಮಲ್ಲಿ ಪಾಸಾದವರು ಸಾರ್ ಒಬ್ಬರೇ. ಅವರು ಬಿಟ್ಟುಹೋದ ದಿನ ಆಫೀಸಿಗೆ ಬೀಗ, ನಾವು ಎಂಟು ಜನ ಬೀದಿಗೆ. ಇದು ಅವರಿಗೂ ಗೊತ್ತು, ಮಾಲೀಕರಿಗೂ ಗೊತ್ತು.

ಮಾಲೀಕರು ಕೆಟ್ಟವರಾಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಕೆಟ್ಟವರನ್ನು ಬೈದು ಎದ್ದು ಹೋಗಬಹುದು. ಇವರು ಯುಗಾದಿಗೆ ಹೋಳಿಗೆ ತಂದು ತಾವೇ ಬಡಿಸಿ, "ನಿಮ್ಮನ್ನ ಬಿಟ್ರೆ ನಮಗ್ಯಾರಿದಾರೆ ಸಾರ್" ಎನ್ನುತ್ತಿದ್ದರು. ಸಾರ್ ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನೇ ನೋಡುತ್ತಾ ಕೂತಿರುತ್ತಿದ್ದರು.

ಹಿಂದೆ ಹೀಗಿರಲಿಲ್ಲವಂತೆ. ಫೈಲು ಹಿಡಿದು ಬೆಂಗಳೂರಿಗೆ ಹೋಗಿ ಕಿಟಕಿಯಿಂದ ಕಿಟಕಿಗೆ ಅಲೆಯಬೇಕಿತ್ತು. ಒಂದು ಕಂಟೇನರಿಗೆ ಒಂದು ಕಟ್ಟು ಕಾಗದ. ಆದರೆ ಭಾನುವಾರ ಕಸ್ಟಮ್ಸ್ ಮುಚ್ಚಿರುತ್ತಿತ್ತು. ಹಬ್ಬಕ್ಕೆ ಮುಚ್ಚಿರುತ್ತಿತ್ತು. ಆಮೇಲೆ ಎಲ್ಲ ಆನ್‌ಲೈನ್ ಆಯಿತು, ವಾರದ ಏಳು ದಿನವೂ ತೆರೆದಿರುವಂತಾಯಿತು. ಅಲೆದಾಟ ತಪ್ಪಿತು, ರಜೆಯೂ ತಪ್ಪಿತು. ಸಾರ್ ಈಗ ಊರುಗಳನ್ನು ಅಳೆಯುತ್ತಿದ್ದುದು ಮೊಬೈಲಿನ ಸಿಗ್ನಲ್ ಕಡ್ಡಿಗಳಲ್ಲಿ. "ಕೋರ ಪರವಾಗಿಲ್ಲ, ನಾಲ್ಕು ಕಡ್ಡಿ. ಚೇಳೂರು ಮೂರು. ಹಾಗಲವಾಡಿ ಮಾತ್ರ ನೆಚ್ಕೋಬೇಡಿ."

ಹಾಗಲವಾಡಿಯ ಮೇಲೆ ಅವರಿಗೆ ಸಿಟ್ಟಿರಲು ಕಾರಣವಿತ್ತು. ಅವರ ತಂಗಿಯ ಮಗಳ ಮದುವೆ ಅಲ್ಲಿ, ಒಂದು ಭಾನುವಾರ. ತಂದೆಯಿಲ್ಲದ ಹುಡುಗಿ, ಧಾರೆ ಎರೆಯಬೇಕಾದವರು ಇವರೇ. ನಾನೂ ಹೋಗಿದ್ದೆ. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಫೋನು ಬಂತು. ಹಡಗು ಒಂದು ದಿನ ಮೊದಲೇ ಹೊರಡುತ್ತದಂತೆ, ಕಾಗದ ಈಗಲೇ ಹೋಗಬೇಕು. ಮಾತಿಗೆ ಸಿಕ್ಕ ಸಿಗ್ನಲ್ ಕಾಗದ ಕಳಿಸಲು ಸಾಲದು. ಸಾರ್ ರೇಷ್ಮೆ ಪಂಚೆಯಲ್ಲೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಯಾರದೋ ಬೈಕಿನ ಹಿಂದೆ ಕೂತು ಚೇಳೂರಿನ ಕಡೆ ಹೊರಟರು. ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆ ಇಳಿದು, ಒಂದು ಅಂಗಡಿಯ ಮುಂದಿನ ಕೊಬ್ಬರಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಹಿ ಮಾಡಿದರಂತೆ. ವಾಪಸ್ ಬರುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿತ್ತು. ಧಾರೆಯನ್ನು ಬೇರೆ ಯಾರೋ ಎರೆದಿದ್ದರು. ತಂಗಿ ಮುಖ ತಿರುಗಿಸಿ ಒಳಗೆ ಹೋದರು. ಸಾರ್ ಕೈಕಾಲು ತೊಳೆದು ಕೊನೆಯ ಪಂಕ್ತಿಯಲ್ಲಿ ಕೂತರು. ಪಾಯಸ ಮುಗಿದಿತ್ತು.

ಮರುವರ್ಷ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಯಾವುದೋ ದೊಡ್ಡ ವಿದೇಶಿ ಸಂಸ್ಥೆಯ ಪರವಾಗಿ ಸಮೀಕ್ಷೆ ಮಾಡುವವಳು. ಗಡಿ ದಾಟುವ ವ್ಯಾಪಾರವನ್ನು ಯಾವ ದೇಶ ಎಷ್ಟು ಸಲೀಸು ಮಾಡಿದೆ, ಎಷ್ಟು ಅಗ್ಗ ಮಾಡಿದೆ ಎಂದು ದೇಶದೇಶಕ್ಕೂ ಅಂಕ ಕೊಡುತ್ತಾರಂತೆ. ಅದಕ್ಕೆ ಊರೂರಿನ ನಮ್ಮಂಥವರನ್ನು ಕೇಳುತ್ತಾರಂತೆ. ಸರಕು ಫ್ಯಾಕ್ಟರಿ ಬಿಟ್ಟು ಹಡಗು ಹತ್ತಲು ಎಷ್ಟು ಗಂಟೆ, ಎಷ್ಟು ಕಾಗದ, ಎಷ್ಟು ಖರ್ಚು ಎಂಬುದು ಪ್ರಶ್ನೆ. ಮಾಲೀಕರಿಗೆ ಗಾಬರಿ. "ಎಲ್ಲಾ ಚೆನ್ನಾಗಿದೆ ಅಂತ ಬರೆದ್ಬಿಡಿ ಸಾರ್, ನಮಗ್ಯಾಕೆ" ಎಂದು ಹೇಳಿ ಒಳಗೆ ಹೋದರು.

ಸಾರ್ ಮಾತ್ರ ಹಾಗೆ ತೇಲಿಸಲಿಲ್ಲ. ಅರ್ಧ ದಿನ ಕೂತು, ಹಳೆಯ ಫೈಲು ತೆಗೆದು, ಗಂಟೆಗೆ ಗಂಟೆ ತಾಳೆ ನೋಡಿ ಉತ್ತರಿಸಿದರು. ಒಳ್ಳೆಯದಾಗಿದ್ದನ್ನು ಒಳ್ಳೆಯದೆಂದೇ ಹೇಳಿದರು. "ಒಂದು ಕಟ್ಟಿದ್ದ ಕಾಗದ ಮೂರು ಹಾಳೆಗೆ ಬಂತು ಕಣಮ್ಮ, ಬರ್ಕೊಳಿ. ಕಿಟಕಿ ಮುಂದೆ ನಿಂತು ನಿಂತು ಊದ್ಕೊಂತಿದ್ದ ಕಾಲು ಇದು." ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆ ಸುಳ್ಳಲ್ಲ.

ಆಮೇಲೆ ಆಕೆ ಓದಿದಳು, "ಕಸ್ಟಮ್ಸ್ ವಾರದ ಏಳು ದಿನವೂ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತಾ ಸಾರ್?"

"ತೆರೆದಿರ್ತದೆ."

"ಇದಕ್ಕೆ ಪೂರ್ತಿ ಅಂಕ" ಎಂದು ಆಕೆ ನಕ್ಕು ಗುರುತು ಹಾಕಿಕೊಂಡಳು.

ಸಾರ್ ಕನ್ನಡಕ ತೆಗೆದು ಒರೆಸಿದರು. "ಅಮ್ಮ, ಈ ಕಡೆ ಸಹಿ ಮಾಡೋರು ಎಷ್ಟು ಜನ ಇದಾರೆ ಅಂತ ಒಂದು ಪ್ರಶ್ನೆ ಐತಾ ಅದ್ರಲ್ಲಿ?"

ಆಕೆ ಪುಟ ತಿರುಗಿಸಿ ತಿರುಗಿಸಿ ನೋಡಿದಳು. ಪಾಪ, ನಿಜವಾಗಿಯೂ ಹುಡುಕಿದಳು. "ಇಲ್ಲ ಸಾರ್" ಎಂದಳು.

"ಇರ್ಲಿ ಬುಡಿ. ಕಾಫಿ ಕುಡೀರಿ."

ಸಾರ್‌ಗೆ ಒಂದೇ ಒಂದು ಆಸೆಯಿತ್ತು. ಯುಗಾದಿಗೆ ಮುಂಚೆ ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರಲ್ಲ, ಹಾಗೆ ಒಮ್ಮೆ ನಡೆದು ಹೋಗಬೇಕು. ಹೆಂಡತಿ ಬದುಕಿದ್ದಾಗ ಇಬ್ಬರೂ ಹೊತ್ತುಕೊಂಡ ಹರಕೆ ಅದು. ಆಕೆ ಹೋಗಿಬಿಟ್ಟರು, ಹರಕೆ ಉಳಿಯಿತು. ದಾರಿಯಲ್ಲಿ ಕಾಡು ಸಿಗುತ್ತದೆ, ಕಾಡಿನಲ್ಲಿ ಒಂದು ಕಡ್ಡಿಯೂ ಸಿಗುವುದಿಲ್ಲ. ಪ್ರತಿವರ್ಷ ರಜೆ ಕೇಳುತ್ತಿದ್ದರು, ಪ್ರತಿವರ್ಷ ಅದೇ ಹೊತ್ತಿಗೆ ಯಾವುದೋ ಕಂಟೇನರ್ ಇರುತ್ತಿತ್ತು. ಒಮ್ಮೆ ಮಾಲೀಕರು, "ಡಾಂಗಲ್ನ ಈ ಹುಡುಗಿ ಕೈಲಿ ಕೊಟ್ಟು, ನಂಬರ್ ಹೇಳಿ ಹೋಗ್ಬನ್ನಿ ಸಾರ್, ಎಲ್ಲಾ ಕಡೆ ಹಂಗೇ ಮಾಡ್ತಾರೆ" ಎಂದರು.

ಸಾರ್ ಕರಡಿಗೆ ಮುಟ್ಟಿಕೊಂಡರು. "ಲಿಂಗ ಇನ್ನೊಬ್ರ ಕೈಲಿ ಕೊಟ್ಟು ನನ್ನ ಪೂಜೆ ಮಾಡ್ಸಕ್ಕಾಯ್ತದಾ? ಸಹಿನೂ ಹಂಗೇ."

ಮಾತು ಅಲ್ಲಿಗೆ ಮುಗಿಯಿತು. ಅವರಿಗೆ ಅವರೇ ಹಾಕಿಕೊಂಡ ಚಿಲಕವೂ ಒಂದಿತ್ತು, ಅದನ್ನು ಮುಚ್ಚಿಡಲಾರೆ. ನನಗೆ ಆಗ ಅವರ ಮೇಲೆ ಕೋಪವೇ ಬಂದಿತ್ತು.

ಅದೇ ವರ್ಷ ಅವರು ನನಗೆ ಪಾಠ ಶುರುಮಾಡಿದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸ್ಟೀಲ್ ಡಬ್ಬಿಯ ಹುರಿಗಡಲೆ ಕೊಬ್ಬರಿ ನಡುವೆ ಇಟ್ಟುಕೊಂಡು, ಕಸ್ಟಮ್ಸ್ ಕಾಯ್ದೆಯ ಒಂದೊಂದು ಕಲಮನ್ನೂ ಬಿಡಿಸಿ ಹೇಳಿದರು. ಮೊದಲ ಸಲ ಫೇಲಾದೆ. "ನಾನು ಮೂರು ಸಲ ಫೇಲು. ಇನ್ನೂ ಎರಡು ಬಾಕಿ ಐತೆ ನಿಂಗೆ" ಎಂದು ನಕ್ಕರು. ಎರಡನೆಯ ಸಲ ಪಾಸಾದೆ. ಆಫೀಸಿಗೆಲ್ಲ ಅವರೇ ಮೈಸೂರುಪಾಕ್ ಹಂಚಿದರು.

ಮಾರನೆಯ ದಿನವೇ ಮಾಲೀಕರು ಒಂದು ಕಾಗದ ತಂದಿಟ್ಟರು. ಸಾರ್ ಜಾಗಕ್ಕೆ ನನ್ನ ಹೆಸರು ಸೇರಿಸುವ ಒಪ್ಪಿಗೆ ಪತ್ರ. ನಾನು ಸಹಿ ಹಾಕಿದರೆ ಸಾರ್ ಬಿಡುಗಡೆ. ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು. ನಾನು ಪೆನ್ನು ತೆಗೆದೆ. ಸಾರ್ ನನ್ನನ್ನು ಮೆಟ್ಟಿಲ ಬಳಿ ಕರೆದರು.

"ಅದಕ್ಕೆ ಸಹಿ ಹಾಕ್ಬೇಡ ಕಣಮ್ಮ."

"ಯಾಕ್ ಸಾರ್? ಹಾಕಿದ್ರೆ ಈ ಸಲ ನೀವು ಹೋಗ್ಬೋದಲ್ಲ."

ಅವರು ಕೆಳಗಿನ ಬೀದಿಯನ್ನು ನೋಡುತ್ತಾ ನಿಂತರು. ಬೆರಳುಗಳು ದಾರ ಬಿಡಿಸುತ್ತಿದ್ದವು. ಆವತ್ತು ದಾರ ಸಿಕ್ಕಾಗಿರಲಿಲ್ಲ.

"ಸುಳ್ಳು ಹೇಳಲ್ಲ. ನಿಂಗೆ ಪಾಠ ಹೇಳ್ಕೊಟ್ಟಿದ್ದೇ ಅದಕ್ಕೆ. ಇವಳು ಪಾಸಾಗ್ಲಿ, ಇದನ್ನ ಇವಳ ಕೊರಳಿಗೆ ಹಾಕಿ ನಾನು ಹೊರಟೋಗಾನ ಅಂತ. ನಿನ್ನೆ ಮೈಸೂರುಪಾಕ್ ತಿಂತಾ ನಗ್ತಿದ್ದೆಯಲ್ಲ, ಆಗ ಮನಸ್ಸು ಬರ್ಲಿಲ್ಲ. ಇಂಥದೇ ಕಾಗದಕ್ಕೆ ಸಹಿ ಮಾಡಿದಾಗ ನಾನೂ ನಿನ್ನ ವಯಸ್ಸಿನೋನೇ. ಎರಡೇ ವರ್ಷ ಸಾಕು ಅಂದಿದ್ರು."

"ಹಂಗಾದ್ರೆ ನೀವು?"

"ನಾನು ಹೆಂಗೋ. ನೀನು ಅನುಭವ ತಗೊಂಡು ನಿನ್ನ ಹೆಸರಲ್ಲೇ ಲೈಸೆನ್ಸ್ ಮಾಡಿಸ್ಕೋ. ಬಾಗಿಲು ಹಾಕಂಗಿದ್ರೆ ನೀನೇ ಹಾಕ್ಬೇಕು, ತೆಗೆಯಂಗಿದ್ರೆ ನೀನೇ ತೆಗೀಬೇಕು."

ಇಲ್ಲ, ಹಾಕುತ್ತೇನೆ ಎಂದು ನಾನು ಒಮ್ಮೆಯಾದರೂ ವಾದಿಸಬೇಕಿತ್ತು. ವಾದಿಸಲಿಲ್ಲ. ನನಗೆ ಹಾಯೆನಿಸಿತ್ತು, ಅದು ನಿಜ. ಕಾಗದವನ್ನು ಮಡಿಸಿ, ಸಹಿಯಿಲ್ಲದೆ ಹಾಗೆಯೇ ಮಾಲೀಕರ ಮೇಜಿನ ಮೇಲೆ ಇಟ್ಟೆ. ಆ ಯುಗಾದಿಗೂ ಹೋಳಿಗೆ ಬಂತು.

ಎರಡು ವರ್ಷ ಕಳೆದು ನಾನು ಗುಬ್ಬಿಯಲ್ಲಿ ಒಂದು ಕೋಣೆ ಹಿಡಿದು ನನ್ನದೇ ಆಫೀಸು ತೆರೆದೆ. ಸಾರ್ ಬಂದು ದೀಪ ಹಚ್ಚಿದರು. ಮೊಬೈಲ್ ನೋಡಿ, "ನಾಲ್ಕು ಕಡ್ಡಿ, ಪರವಾಗಿಲ್ಲ" ಎಂದರು. ಅದಾಗಿ ಐದೇ ತಿಂಗಳು. ಕುಣಿಗಲ್ಲಿನಲ್ಲಿ ಮಗಳ ಮನೆಗೆ ಹೋಗಿದ್ದವರು ಭಾನುವಾರ ಮಧ್ಯಾಹ್ನ, ಊಟಕ್ಕೆ ಮುಂಚೆ ಇದೊಂದು ಕಾಗದ ಕಳಿಸಿಬಿಡುತ್ತೇನೆ ಎಂದು ಲ್ಯಾಪ್‌ಟಾಪ್ ಮುಂದೆ ಕೂತರಂತೆ. ಮಗಳು ಎಲೆ ಹಾಕಿ ಕರೆದಳು. ಏಳಲಿಲ್ಲ.

ನಾನು ಹೋಗುವಷ್ಟರಲ್ಲಿ ಅವರನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹೂಳುವ ಮುಂಚೆ ಲಿಂಗವನ್ನು ಎಡ ಅಂಗೈಯಲ್ಲಿಡಬೇಕು. ಎರಡು ದಾರಗಳೂ ಬಲವಾಗಿ ಹೆಣೆದುಕೊಂಡಿದ್ದವು. ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರು, "ಕರೀದನ್ನ ಕತ್ತರಿಸ್ಬಿಡಿ" ಎಂದರು. ಮಗಳು ಕತ್ತರಿ ತಂದಳು. ನಾನು ಬೇಡ ಎಂದು ಪಕ್ಕದಲ್ಲಿ ಕೂತು, ಉಗುರಿನಿಂದ ಸಡಿಲಿಸುತ್ತಾ, ಎಳೆಯದೆ ಬಿಡಿಸಿದೆ. ಹೊರಗೆ ಮಾಲೀಕರು ಚಪ್ಪಲಿ ಬಿಡುವ ಜಾಗದಲ್ಲಿ ಫೋನು ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ಅತ್ತಿದ್ದರು. ಕಂಟೇನರ್ ಫ್ಯಾಕ್ಟರಿ ಗೇಟಿನಲ್ಲಿ ನಿಂತಿತ್ತು. ಡಾಂಗಲ್ ಅವರ ಕೈಗೆ ಕೊಟ್ಟೆ. ನಂಬರ್ ಯಾರಿಗೂ ಗೊತ್ತಿರಲಿಲ್ಲ. ಕೆಲಸವನ್ನು ಬೇರೆ ಲೈಸೆನ್ಸಿಗೆ ವರ್ಗಾಯಿಸುವ ಹೊತ್ತಿಗೆ ಆ ಕಂಟೇನರ್ ಒಂಬತ್ತು ದಿನ ಅಲ್ಲೇ ನಿಂತಿತ್ತು.

ಮುಂದಿನ ಸಮೀಕ್ಷೆಗೆ ಅದೇ ಹೆಣ್ಣುಮಗಳು ಗುಬ್ಬಿಗೆ ನನ್ನನ್ನು ಹುಡುಕಿಕೊಂಡು ಬಂದಳು. ನಿಮಗೆ ತಿಳಿದಂತೆ ಅತಿ ಹೆಚ್ಚು ತಡವಾದ ಸರಕು ಯಾವುದು, ಕಾರಣವೇನು ಎಂದು ಕೇಳಿದಳು. ಒಂಬತ್ತು ದಿನ ಎಂದೆ. ಸಹಿ ಮಾಡುವವರು ತೀರಿಕೊಂಡರು ಎಂದೆ. ಆಕೆ ಪೆನ್ನು ಕೆಳಗಿಟ್ಟಳು. ಮೆಲ್ಲಗೆ, "ಬರ್ಕೊಂತೀನಿ ಮೇಡಂ. ಆದ್ರೆ ಇಂಥ ಒಂಟಿ ಕೇಸನ್ನ ಸರಾಸರಿಗೆ ಸೇರಿಸಲ್ಲ, ಪಕ್ಕಕ್ಕಿಡ್ತಾರೆ" ಎಂದಳು. ಅವಳ ತಪ್ಪಲ್ಲ. ನಾನೂ ಅವಳಿಗೆ ಕಾಫಿ ಕೊಟ್ಟು ಕಳಿಸಿದೆ.

ಈ ವರ್ಷ ಯುಗಾದಿಗೆ ಮುಂಚೆ ಆಫೀಸಿಗೆ ಇಪ್ಪತ್ತು ದಿನ ಬೀಗ ಹಾಕಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿ ಶ್ರೀಶೈಲಕ್ಕೆ ನಡೆದು ಹೊರಟೆ. ಡಾಂಗಲ್ ಬೀರುವಿನಲ್ಲಿತ್ತು. ಕಾಡು ಶುರುವಾದ ಮೇಲೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಹೋದವು. ಜೊತೆಗೆ ನಡೆಯುತ್ತಿದ್ದ ಮುದುಕಿಯೊಬ್ಬಳು ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಾ, "ಯಾರ ಹರಕೆ ಮಗ?" ಎಂದು ಕೇಳಿದಳು.

ನಮ್ಮ ಸಾರ್‌ದು ಎಂದೆ. ಅವರೇ ಯಾಕೆ ಬರಲಿಲ್ಲ ಎಂದು ಕೇಳಿದಳು. ನಾನು ಆವತ್ತು ಒಂದು ಸಹಿ ಹಾಕಿದ್ದರೆ ಬರುತ್ತಿದ್ದರು ಎಂದೆ.