ಬುಧವಾರದ ನಾಲ್ಕು ಮೊಟ್ಟೆ

ನಮ್ಮ ಭಾವ ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವರು. ಅಷ್ಟು ವರ್ಷಗಳಲ್ಲಿ ಅವರನ್ನು ಕಂಡು ಯಾವ ಬಾಗಿಲಲ್ಲೂ ಯಾರ ಮುಖವೂ ಅರಳಲಿಲ್ಲ. ನಾಯಿಗಳಿಗಂತೂ ಅವರ ಹೆಜ್ಜೆ ಸದ್ದು ಬಾಯಿಪಾಠವಾಗಿತ್ತು. ನಿವೃತ್ತರಾದ ಮೇಲೆ ಓದಲು ಉಳಿದದ್ದು ಫ್ರಿಜ್ಜಿನ ಹಿಂದೆ ಅಂಟಿಸಿದ ಚೀಟಿ ಮತ್ತು ನಮ್ಮಕ್ಕನ ಮುಖ. ಎರಡನ್ನೂ ದಿನಕ್ಕೆ ನಾಲ್ಕು ಸಲ ಓದತೊಡಗಿದಾಗ ಅಕ್ಕ ರೋಸಿಹೋಗಿ, ಗ್ರಂಥಾಲಯದ ಗೋಡೆಯ ಮೇಲಿದ್ದ ಪ್ರಕಟಣೆಯೊಂದನ್ನು ಕಿತ್ತು ತಂದು ಅವರ ಕೈಗಿಟ್ಟಳು. ಊರಿನ ಗಿಡ, ಹಕ್ಕಿ, ಹುಳುಹುಪ್ಪಟೆ ಕಾಯುವ ಸ್ವಯಂಸೇವಕರಿಗೆ ಹನ್ನೆರಡು ಭಾನುವಾರಗಳ ತರಬೇತಿ. ಕೊನೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೊಡುತ್ತಾರೆ ಎಂದಿತ್ತು.

ಭಾವನಿಗೆ ಆ ಗುರುತಿನ ಚೀಟಿಯ ಮೇಲೇ ಜೀವ. ಮೊದಲ ತರಗತಿಗೇ ಫೋಟೊ ತೆಗೆಸಿಕೊಂಡು ಹೋದರು. ಅಷ್ಟು ಬೇಗ ಬೇಡ ಎಂದರೂ ಕೇಳದೆ ಟೀಚರ ಮೇಜಿನ ಮೇಲಿಟ್ಟು ಬಂದರು.

ಟೀಚರ್ ಎಂದರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಹೆಂಗಸು. ಗ್ರಂಥಾಲಯದ ಮಹಡಿಯಲ್ಲಿ, ಒಂದು ಕಾಲು ಕುಂಟುವ ಬೆಂಚುಗಳ ಮುಂದೆ ನಿಂತು ವಾರವಾರವೂ ಒಂದೇ ಮಾತು ಹೇಳುತ್ತಿದ್ದರಂತೆ. ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಕಾಣಲಿಲ್ಲ ಎಂದು ಬರೆಯಿರಿ. ಇದಕ್ಕೆ ತರಬೇತಿ ಬೇರೆ ಬೇಕೇ ಎಂದು ಭಾವ ನಕ್ಕಿದ್ದರು. ನಾನೂ ನಕ್ಕಿದ್ದೆ.

ಒಂಬತ್ತನೇ ಭಾನುವಾರ ಒಬ್ಬೊಬ್ಬರಿಗೆ ಒಂದೊಂದು ಜಾಗ ಹಂಚಿದರು. ಭಾವನ ಪಾಲಿಗೆ ಬಂದದ್ದು ಬಸ್ ಡಿಪೋ ಹಿಂದಿನ ಬಯಲು. ಅಲ್ಲಿ ಒಂದು ಟಿಟ್ಟಿಭ, ಅದೇ, ಸದಾ ಜಗಳಕ್ಕೆ ನಿಂತಂತೆ ಕೂಗುವ ಉದ್ದ ಕಾಲಿನ ಹಕ್ಕಿ, ಗೂಡುಗೀಡಿನ ಗೊಡವೆಯಿಲ್ಲದೆ ಕಲ್ಲುಗಳ ನಡುವೆ ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಡಿಪೋದವರಿಗೆ ಆ ಬಯಲನ್ನು ಮಟ್ಟ ಮಾಡಿ ಬಸ್ಸು ನಿಲ್ಲಿಸುವ ಅವಸರ. ಮರಿಗಳು ಎದ್ದು ಹೋಗುವ ತನಕ ಮೊಟ್ಟೆಯಿರುವ ಕಡೆಗೆ ರೋಲರ್ ಬರುವುದಿಲ್ಲ ಎಂದು ಮ್ಯಾನೇಜರನ್ನು ಟೀಚರ್ ಒಪ್ಪಿಸಿದ್ದರು. ಆ ಒಪ್ಪಂದಕ್ಕೆಲ್ಲ ಆಧಾರ ಭಾವನ ನೋಟ್‌ಬುಕ್. ದಿನವೂ ಸಂಜೆ ಐದಕ್ಕೆ ಹೋಗಿ ನೋಡಿ, "ಸಂಜೆ 5. ಮೊಟ್ಟೆ ನಾಲ್ಕು" ಎಂದು ಬರೆದು ಬರುತ್ತಿದ್ದರು. ಹಕ್ಕಿ ಅವರನ್ನು ಕಂಡ ಕೂಡಲೇ ಬಾಯಿಗೆ ಬಂದಂತೆ ಬೈಯುತ್ತಿತ್ತು. ಮತ್ತೆ ಕೆಲಸಕ್ಕೆ ಸೇರಿದ ಹಾಗಾಯಿತು ಎಂದು ಭಾವ ಅಕ್ಕನ ಮುಂದೆ ಸಂತೋಷಪಟ್ಟರು.

ಮೂರನೇ ವಾರದ ಬುಧವಾರ. ಇಲ್ಲಿ ನನ್ನ ತಪ್ಪೂ ಇದೆ. ಮೂರನೇ ಮಹಡಿಯ ನನ್ನ ಮನೆಯಿಂದ ಮರದ ಬೀರುವೊಂದನ್ನು ಕೆಳಗಿಳಿಸಬೇಕಿತ್ತು. ಭಾವ ಗೇಣು ಹಾಕಿ ಅಳೆದು, ಸಲೀಸಾಗಿ ಹೋಗುತ್ತದೆ ಎಂದು ಭರವಸೆ ಕೊಟ್ಟರು. ಮೆಟ್ಟಿಲ ತಿರುವಿನಲ್ಲಿ ಬೀರು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ನಾನು ಕೆಳಗೆ, ಭಾವ ಮೇಲೆ. ಬಡಗಿ ಬಂದು ಬೀರುವಿನ ಕಾಲು ಕೊಯ್ಯುವಾಗ ಏಳು ಗಂಟೆ. ಐದಕ್ಕೆ ಸರಿಯಾಗಿ ಭಾವ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ತೆಗೆದು ಏನೋ ಬರೆದದ್ದು ನನಗೆ ಸಂದಿಯಿಂದ ಕಾಣಿಸಿತು. ಹೋಗದೆ ಏನು ಬರೆದಿರಿ ಎಂದು ಕೇಳಿದೆ.

"ಬಾಗಿಲು ಹಾಕಿದ್ರೆ ಹಿಂದಿನ ಮೂರು ರೀಡಿಂಗ್‌ನ ಸರಾಸರಿ ಹಾಕೋದು," ಎಂದರು. "ರೂಲ್ ಇದೆ."

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಮೂವತ್ತೊಂದು ವರ್ಷ ಹಾಗೇ ಬರೆದಿದ್ದರು, ಸರಾಸರಿಯಿಂದ ಯಾರೂ ಸತ್ತಿರಲಿಲ್ಲ.

ಗುರುವಾರ ಹೋಗಿ ನೋಡಿದರೆ, ಕಾಂಪೌಂಡ್ ಗೋಡೆಯ ಕಡೆಯ ಒಂದಷ್ಟು ಜಾಗ ಬಿಟ್ಟು, ಮೊಟ್ಟೆಯಿದ್ದಲ್ಲೂ ಸೇರಿ ಬಯಲು ಒರೆಸಿಟ್ಟ ಹಲಗೆಯ ಹಾಗೆ ನುಣ್ಣಗಿತ್ತು. ಹಕ್ಕಿ ಅದರ ಮೇಲೆ ಅತ್ತಿಂದಿತ್ತ ನಡೆಯುತ್ತಿತ್ತು, ಬೈಯಲಿಲ್ಲ.

ಕೊನೆಯ ಭಾನುವಾರ ಗುರುತಿನ ಚೀಟಿ ಕೊಡುವ ಸಭೆ. ನಾನೂ ಹೋಗಿದ್ದೆ, ಬಿಸ್ಕತ್ತು ಇರುತ್ತದೆ ಎಂದು. ಚೀಟಿಗಳ ಕಟ್ಟಿನಲ್ಲಿ ಭಾವನದೇ ಮೇಲೆ, ಬೇಗ ತೆಗೆಸಿದ ಫೋಟೊ ನಗುತ್ತಿತ್ತು. ಡಿಪೋ ಮ್ಯಾನೇಜರ್ ಸಾಕ್ಷಿಗೆಂದು ರೋಲರ್ ಚಾಲಕನನ್ನೂ ಕರೆದುಕೊಂಡು ಬಂದಿದ್ದರು. ಮೇಜಿನ ಮೇಲಿದ್ದ ಭಾವನ ನೋಟ್‌ಬುಕ್ ತೋರಿಸಿ, ಬುಧವಾರ ನಾಲ್ಕಕ್ಕೆಲ್ಲ ನಮ್ಮ ಆ ದಿನದ ಕೆಲಸ ಮುಗಿದಿತ್ತು, ಐದಕ್ಕೆ ಮೊಟ್ಟೆ ನಾಲ್ಕೂ ಇದ್ದವು ಎಂದು ನಿಮ್ಮವರೇ ಬರೆದಿದ್ದಾರೆ, ಆಮೇಲೆ ನಾಯಿ ತಿಂದಿರಬೇಕು, ಖಾಲಿಯಾದ ಜಾಗವನ್ನೇ ಗುರುವಾರ ಬೆಳಿಗ್ಗೆ ಮಟ್ಟ ಮಾಡಿದ್ದು, ಒಪ್ಪಂದ ಅಲ್ಲಿಗೆ ಮುಗಿಯಿತು, ನಾಳೆಯಿಂದ ಉಳಿದ ಬಯಲೂ ನಮ್ಮದು ಎಂದರು. ಟೀಚರ್ ನೋಟ್‌ಬುಕ್ ತಿರುವಿ ಭಾವನ ಕಡೆ ನೋಡಿದರು.

ನಿಜ ಏನೆಂದು ಆ ಕೋಣೆಯಲ್ಲಿ ನನಗೂ ಗೊತ್ತಿತ್ತು. ನಾನು ಬಿಸ್ಕತ್ತು ಅಗಿಯುತ್ತಿದ್ದೆ. ಭಾವ ತುಟಿ ಬಿಚ್ಚದಿದ್ದರೆ ಚೀಟಿ ಕೈಗೆ ಬರುತ್ತಿತ್ತು. ಅವರು ಅದನ್ನೊಮ್ಮೆ ನೋಡಿ ಎದ್ದು ನಿಂತರು.

"ಬುಧವಾರ ನಾನು ಹೋಗಿಲ್ಲ. ಬೀರು ಹಿಂದೆ ಸಿಕ್ಕಿಹಾಕ್ಕೊಂಡಿದ್ದೆ. ಸರಾಸರಿ ಹಾಕಿದೆ."

ಒಂದಿಬ್ಬರು ನಕ್ಕರು. ಹಾಗಾದರೆ ಪುಸ್ತಕವೇ ಬೋಗಸ್ ಎಂದು ಮ್ಯಾನೇಜರ್ ಕುರ್ಚಿ ಸರಿಸಿದರು. ಆಗ ಹಿಂದಿನ ಬೆಂಚಿನಿಂದ ರೋಲರ್ ಚಾಲಕ ಎದ್ದ.

"ಅವರು ಹೋಗಿಲ್ಲ, ನಾನು ಹೋಗಿದ್ದೆ," ಎಂದ. "ಹಕ್ಕಿ ರೆಕ್ಕೆ ಬಿಚ್ಕೊಂಡು ರೋಲರ್ ಮುಂದೆ ನಿಂತ್ಕೊಳ್ತು. ಮೂರು ಸಲ ಸುತ್ತು ಹಾಕ್ಕೊಂಡು ಹೋದೆ. ನಾಲ್ಕನೇ ಸಲಕ್ಕೆ, ಆ ಜಾಗಾನೂ ಮುಗಿಸು ಅಂತ ಸಾರ್ ಫೋನ್ ಮಾಡಿದ್ರು."

ಅಲ್ಲಿಗೆ ಯಾರೂ ನಗಲಿಲ್ಲ. ಉಳಿದ ಬಯಲಿಗೆ ಬೇಲಿ ಹಾಕಿಸಿ ಈ ವರ್ಷ ಮುಟ್ಟುವುದಿಲ್ಲ ಎಂದು ಮ್ಯಾನೇಜರ್ ಬರೆದುಕೊಟ್ಟು ಹೋದರು. ಟೀಚರ್ ಭಾವನ ಚೀಟಿಯನ್ನು ಮಾತ್ರ ಡ್ರಾಯರಿಗೆ ಹಾಕಿ, ಮುಂದಿನ ತಂಡದ ಜೊತೆ ಮೊದಲ ಭಾನುವಾರದಿಂದ ಬನ್ನಿ ಎಂದರು. ದಾರಿಯಲ್ಲಿ ಭಾವ ಅತ್ತರು. ಚೀಟಿಗಾಗಿ ಅಲ್ಲ, ಆ ನಾಲ್ಕು ಎಂಬ ಅಕ್ಷರ ಬರೆದದ್ದಕ್ಕೆ. ನನಗೆ ನಾಚಿಕೆಯಾಗಿ ಮುಖ ಎತ್ತಲಾಗಲಿಲ್ಲ.

ಮೂರು ವಾರದ ಮೇಲೆ ಹಕ್ಕಿ ಬೇಲಿಯೊಳಗೆ, ಗೋಡೆಯ ಹತ್ತಿರ ಮತ್ತೆ ಕೂತಿತು. ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಈಗ ಐದಕ್ಕೆ ನಾನೂ ಜೊತೆಗೆ ಹೋಗುತ್ತೇನೆ. ಮೊದಲ ದಿನ ಭಾವ ಬೇಲಿಯ ಹೊರಗೆ ತುದಿಗಾಲಲ್ಲಿ ನಿಂತು ಅರ್ಧ ಗಂಟೆ ಕತ್ತು ಚಾಚಿದರು. ಹಕ್ಕಿ ಅಲುಗಲಿಲ್ಲ.

"ಅದು ಇಡೋದೇ ನಾಲ್ಕು, ಭಾವ. ನೀವೇ ಹೇಳಿದ್ರಲ್ಲ. ಬರೀರಿ, ಹೋಗೋಣ," ಎಂದೆ.

ಅವರು ಬರೆದರು. ಇಣುಕಿ ನೋಡಿದೆ. "ಸಂಜೆ 5. ಹಕ್ಕಿ ಕೂತಿದೆ. ಮೊಟ್ಟೆ ಕಾಣಲಿಲ್ಲ."